ಹೊಸದಾಗಿ ಕಟ್ಟಿದ ಹಳೆಯ ಇಂಜಿನ್‌ಗೆ ಯಾವ ಆಯಿಲ್ ಹಾಕಬೇಕು?

ಪ್ರಶ್ನೆ: ನಮ್ಮ ತಂದೆಯವರು ಕೊಂಡಿದ್ದ 1978ರ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಕಾರು ಹತ್ತು ವರ್ಷದಿಂದ ಶೆಡ್ಡಿನಲ್ಲೇ ನಿಂತಿತ್ತು. ಈಗ ಇಂಜಿನ್ ಪೂರ್ತಿ ಬಿಚ್ಚಿಸಿ ಕೆಲಸ ಮಾಡಿಸಿದ್ದೇನೆ. ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿದ್ದಾರೆ. ಕ್ರ್ಯಾಂಕ್ ಗ್ರೈಂಡ್ ಆಗಿದೆ. ಬೇರಿಂಗ್, ಕ್ಯಾಮ್‌ಶಾಫ್ಟ್, ಟ್ಯಾಪೆಟ್ ಎಲ್ಲ ಹೊಸದು. ಆಯಿಲ್ ಹಾಕಿ ಸ್ಟಾರ್ಟ್ ಮಾಡುವುದೊಂದೇ ಬಾಕಿ. ಮೆಕ್ಯಾನಿಕ್ ‘ಸಾದಾ 20ಡಬ್ಲ್ಯು-40 ಸಾಕು ಸಾರ್, ಗಂಟೆಗಟ್ಟಲೆ ಸ್ಲೋನಲ್ಲಿ ಓಡಿಸಿ ಸೆಟ್ ಮಾಡೋಣ’ ಎನ್ನುತ್ತಾರೆ. ಅಂಗಡಿಯವರು ‘ಬಿಸಿಯಾದಷ್ಟೂ ದಪ್ಪ ಆಗುವ 20ಡಬ್ಲ್ಯು-50 ಒಯ್ಯಿರಿ’ ಎಂದರು. ಬೆಂಗಳೂರಿನಲ್ಲಿರುವ ಮಗ, ಈಗಿನ ಹೊಸ ಕಾರುಗಳಿಗೆ ಹಾಕುವ 5ಡಬ್ಲ್ಯು-30 ಫುಲ್ ಸಿಂಥೆಟಿಕ್ಕೇ ಶ್ರೇಷ್ಠ ಎನ್ನುತ್ತಾನೆ. ಯಾರ ಮಾತು ಕೇಳಲಿ?
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಸ್ಟಾರ್ಟ್ ಮಾಡುವ ಮುಂಚೆಯೇ ಕೇಳಿದಿರಲ್ಲ, ಬಹಳ ಸಂತೋಷ. ಈ ಪ್ರಶ್ನೆ ಸಾಮಾನ್ಯವಾಗಿ ನನ್ನ ಬಳಿ ಬರುವುದು ಇಂಜಿನ್ ಟಕಟಕ ಎನ್ನಲು ಶುರುವಾದ ಮೇಲೆ. ಆಗ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ.

ಮೂವರು ಮೂರು ಮಾತು ಹೇಳಿದಾಗ ಗೊಂದಲವಾಗುವುದು ಸಹಜ. ಆದರೆ ಯಾರ ಮಾತೂ ಪೂರ್ತಿ ತಪ್ಪಲ್ಲ. ಮೆಕ್ಯಾನಿಕ್ ರಿಂಗುಗಳ ಬಗ್ಗೆ ಯೋಚಿಸುತ್ತಿದ್ದಾರೆ, ಅಂಗಡಿಯವರು ಬೇರಿಂಗುಗಳ ಬಗ್ಗೆ, ಮಗ ತನ್ನ ಸ್ವಂತ ಕಾರಿನ ಬಗ್ಗೆ. ಕ್ಯಾಮ್‌ಶಾಫ್ಟ್ ಯಾರ ಲೆಕ್ಕಕ್ಕೂ ಬಂದಂತಿಲ್ಲ. ನಿಮ್ಮ ಇಂಜಿನ್‌ಗೆ ಅಪಾಯ ಇರುವುದು ಅಲ್ಲೇ.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಮಿನರಲ್ ಆಯಿಲ್ ಕೊಳ್ಳಿ, ಗ್ರೇಡ್ 20ಡಬ್ಲ್ಯು-50 ಇರಲಿ. ಡಬ್ಬಿಯ ಮೇಲೆ, ಆಯಿಲ್‌ನ ಗುಣಮಟ್ಟ ಹೇಳುವ ಎಪಿಐ ದರ್ಜೆ ಅಚ್ಚಾಗಿರಬೇಕು. ಎರಡು ಸಲಕ್ಕೆ ಆಗುವಷ್ಟು ಒಟ್ಟಿಗೇ ತನ್ನಿ, ಏಕೆಂದರೆ ಮೊದಲು ಹಾಕಿದ್ದನ್ನು ಅರ್ಧ ಗಂಟೆಯೊಳಗೆ ಇಳಿಸಿಬಿಡಬೇಕು. ಕಾರಣ ತಿಳಿಯದೆ ಇದನ್ನು ಪಾಲಿಸುವುದು ಕಷ್ಟ. ಹೊಸ ಆಯಿಲನ್ನು ಅರ್ಧ ಗಂಟೆಗೇ ಚೆಲ್ಲಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಆದ್ದರಿಂದ ಕಾರಣವನ್ನೂ ಹೇಳುತ್ತೇನೆ.

ಹೊಸದಾಗಿ ಕಟ್ಟಿದ ಇಂಜಿನ್‌ನಲ್ಲಿ ಒಂದು ಜೋಡಿ ಸವೆಯಬೇಕು, ಇನ್ನೊಂದು ಜೋಡಿ ಸವೆಯಲೇಬಾರದು. ಎರಡಕ್ಕೂ ಸಿಗುವುದು ಒಂದೇ ಆಯಿಲ್.

ಸವೆಯಬೇಕಾದ ಜೋಡಿ ರಿಂಗು ಮತ್ತು ಬೋರು. ಬೋರ್ ಮಾಡಿದ ಮೇಲೆ ಒಳಗೋಡೆಗೆ ಹೋನಿಂಗ್ ಕಲ್ಲು ಆಡಿಸಿ ಒಂದನ್ನೊಂದು ಅಡ್ಡ ಹಾಯುವ ಸಣ್ಣ ಗೆರೆಗಳನ್ನು ಮೂಡಿಸುತ್ತಾರೆ. ಟಾರ್ಚ್ ಹಿಡಿದು ನೋಡಿದರೆ ಚಾಪೆಯ ಹೆಣಿಗೆಯಂತೆ ಕಾಣುತ್ತದೆ. ಗೆರೆಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಗೆರೆಗಳ ಚೂಪು ತುದಿಗಳೂ ಹೊಸ ರಿಂಗಿನ ಅಂಚೂ ಪರಸ್ಪರ ಉಜ್ಜಿ ಒಂದಕ್ಕೊಂದು ಹೊಂದಿಕೊಳ್ಳುವುದಕ್ಕೇ ರಿಂಗ್ ಕೂರುವುದು ಎನ್ನುತ್ತಾರೆ. ಇದಕ್ಕೆ ಸಿಗುವ ಅವಕಾಶ ಮೊದಲ ಕೆಲವು ನೂರು ಕಿ.ಮೀ. ಮಾತ್ರ. ಅಷ್ಟರಲ್ಲಿ ಕೂರದಿದ್ದರೆ ಆ ತಗ್ಗುಗಳಲ್ಲಿ ಆಯಿಲ್ ಸುಟ್ಟು, ಗೋಡೆಗೆ ಮೆರುಗು ಹಚ್ಚಿದ ಹಾಗೆ ಗಟ್ಟಿ ಪದರ ಕಟ್ಟುತ್ತದೆ. ಆಮೇಲೆ ರಿಂಗ್ ಎಷ್ಟು ಉಜ್ಜಿದರೂ ಫಲವಿಲ್ಲ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಾಯಂ ಆಗುತ್ತದೆ, ಮತ್ತೆ ಇಂಜಿನ್ ಬಿಚ್ಚಬೇಕಾಗುತ್ತದೆ. ಮೊದಲ ಆಯಿಲ್ ಅತಿಯಾಗಿ ಜಾರಬಾರದು ಎಂದು ಹಳೆಯ ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ. ನಿಮ್ಮವರೂ ‘ಸಾದಾ ಸಾಕು’ ಎಂದದ್ದರ ಹಿಂದೆ ಇರುವುದು ಇದೇ ಅನುಭವ.

ಸವೆಯಬಾರದ ಜೋಡಿ ಕ್ಯಾಮ್ ಮತ್ತು ಟ್ಯಾಪೆಟ್. ನಿಮ್ಮ ಕಾರಿನಲ್ಲಿರುವುದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಬ 1489 ಸಿ.ಸಿ. ಇಂಜಿನ್. ಅಂಬಾಸಿಡರ್‌ಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡ್‌ನ ವಂಶದ್ದೇ. ಇದರಲ್ಲಿ ಕ್ಯಾಮ್‌ಶಾಫ್ಟ್ ಕೆಳಗೆ, ಬ್ಲಾಕಿನೊಳಗೆ ಇದೆ. ಕ್ಯಾಮ್‌ನ ಮೊಟ್ಟೆಯಾಕಾರದ ಉಬ್ಬು ತಿರುಗುತ್ತ ಟ್ಯಾಪೆಟ್ಟನ್ನು ಮೇಲೆತ್ತುತ್ತದೆ, ಟ್ಯಾಪೆಟ್ ಪುಷ್‌ರಾಡನ್ನು, ಪುಷ್‌ರಾಡ್ ರಾಕರನ್ನು, ರಾಕರ್ ವಾಲ್ವನ್ನು. ಟ್ಯಾಪೆಟ್‌ನ ತಳ ಚಪ್ಪಟೆ. ಚಕ್ರವಿಲ್ಲ, ರೋಲರ್ ಇಲ್ಲ, ಲೋಹದ ಮೇಲೆ ಲೋಹ ಜಾರುವುದೇ. ವಾಲ್ವ್ ಸ್ಪ್ರಿಂಗಿನ ಒತ್ತಡವೆಲ್ಲ ಒಂದು ಸಣ್ಣ ಗೆರೆಯಷ್ಟು ಜಾಗದ ಮೇಲೆ ಬೀಳುತ್ತದೆ. ಇಡೀ ಇಂಜಿನ್‌ನಲ್ಲಿ ಆಯಿಲ್ ಪದರಕ್ಕೆ ಇದಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ.

ಕ್ರ್ಯಾಂಕಿನ ಬೇರಿಂಗುಗಳಿಗೆ ಪಂಪು ಒತ್ತಡದಿಂದ ಆಯಿಲ್ ಕಳಿಸುತ್ತದೆ. ಕ್ಯಾಮ್‌ನ ಉಬ್ಬುಗಳಿಗೆ ಆ ಭಾಗ್ಯವಿಲ್ಲ. ಕ್ರ್ಯಾಂಕ್ ತಿರುಗುವಾಗ ಎರಚುವ ಆಯಿಲೂ ಮೇಲಿನಿಂದ ಇಳಿದು ಬರುವ ಆಯಿಲೂ ಅವಕ್ಕೆ ಗತಿ. ಇಂಜಿನ್ ಸ್ಲೋನಲ್ಲಿದ್ದರೆ ಎರಚಲು ಕಡಿಮೆ. ಸಾಲದ್ದಕ್ಕೆ, ನಿಧಾನಗತಿಯಲ್ಲೇ ಉಬ್ಬಿನ ತುದಿಯ ಮೇಲೆ ಸ್ಪ್ರಿಂಗಿನ ಭಾರ ಪೂರ್ತಿ ಬೀಳುತ್ತದೆ. ಆದ್ದರಿಂದ ‘ಗಂಟೆಗಟ್ಟಲೆ ಸ್ಲೋನಲ್ಲಿ ಓಡಿಸೋಣ’ ಎಂಬ ನಿಮ್ಮ ಮೆಕ್ಯಾನಿಕ್‌ರ ಮಾತನ್ನು ಮಾತ್ರ ದಯವಿಟ್ಟು ಒಪ್ಪಬೇಡಿ. ಹೊಸ ಇಂಜಿನ್‌ಗೆ ಅದು ಉಪಚಾರ ಮಾಡಿದಂತೆ ಕಾಣುತ್ತದೆ, ಹೊಸ ಕ್ಯಾಮ್‌ಗೆ ಅದೇ ಕಂಟಕ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೆಳೆಯರೊಬ್ಬರ ಅಂಬಾಸಿಡರ್‌ಗೆ ಇಂಜಿನ್ ಕೆಲಸವಾದ ಮೇಲೆ ‘ಸೆಟ್ ಆಗಲಿ’ ಎಂದು ಗ್ಯಾರೇಜಿನವರು ಒಂದು ಮಧ್ಯಾಹ್ನವೆಲ್ಲ ಸ್ಲೋನಲ್ಲಿ ಬಿಟ್ಟಿದ್ದರು. ಸಾವಿರ ಕಿ.ಮೀ. ಓಡುವಷ್ಟರಲ್ಲಿ ಒಂದು ಸಿಲಿಂಡರ್ ಸತ್ತ ಹಾಗಾಯಿತು. ಈ ಇಂಜಿನ್‌ನಲ್ಲಿ ಒಂದು ಅನುಕೂಲವಿದೆ: ಬ್ಲಾಕಿನ ಪಕ್ಕದ ಮುಚ್ಚಳ ಬಿಚ್ಚಿ, ಪುಷ್‌ರಾಡ್ ತೆಗೆದರೆ ಟ್ಯಾಪೆಟ್ ಕೈಗೆ ಸಿಗುತ್ತದೆ. ಹೊರಗೆ ತೆಗೆದ ಟ್ಯಾಪೆಟ್‌ನ ತಳ, ಸಾರು ಹಾಕಿಸಿಕೊಳ್ಳಲು ಮುದ್ದೆಯ ನಡುವೆ ಬೆರಳಿನಿಂದ ಕುಳಿ ಮಾಡುತ್ತೇವಲ್ಲ, ಹಾಗೆ ತಗ್ಗಾಗಿತ್ತು. ಬಿದ್ದ ಲೋಹದ ಪುಡಿ ಆಯಿಲ್ ಜತೆ ಸುತ್ತಿ ಹೊಸ ಬೇರಿಂಗುಗಳನ್ನೂ ಗೀರಿತ್ತು.

ಕ್ಯಾಮ್‌ನ ಆ ಕಷ್ಟದ ಜಾಗದಲ್ಲಿ ಬರಿಯ ಎಣ್ಣೆ ನಿಲ್ಲುವುದಿಲ್ಲ. ಅದಕ್ಕೆಂದೇ ಆಯಿಲ್‌ನಲ್ಲಿ ಸತು, ರಂಜಕ, ಗಂಧಕ ಸೇರಿದ ಒಂದು ರಾಸಾಯನಿಕ ಬೆರೆಸುತ್ತಾರೆ. ಕಂಪನಿಗಳು ಅದನ್ನು ಜೆಡ್‌ಡಿಡಿಪಿ ಎನ್ನುತ್ತವೆ, ಗ್ಯಾರೇಜುಗಳಲ್ಲಿ ‘ಜಿಂಕ್’ ಎಂದರೆ ಸಾಕು. 1940ರ ದಶಕದಿಂದಲೂ ಬಳಕೆಯಲ್ಲಿದೆ. ಲೋಹ ಲೋಹಕ್ಕೆ ತಾಗಿ ಬಿಸಿಯಾದ ಕಡೆ ಇದು ಒಡೆದು, ಮೇಲ್ಮೈಗೆ ಗಾಜಿನಂಥ ಒಂದು ಪದರವಾಗಿ ಅಂಟಿಕೊಳ್ಳುತ್ತದೆ. ದಪ್ಪ ಸುಮಾರು ಒಂದು ಮಿ.ಮೀ.ನ ಹತ್ತು ಸಾವಿರದಲ್ಲೊಂದು ಪಾಲು. ಉಜ್ಜಿದಾಗ ಸವೆಯುವುದು ಆ ಪದರ, ಲೋಹವಲ್ಲ. ಸವೆದ ಕಡೆ ಹೊಸ ಪದರ ಕಟ್ಟುತ್ತದೆ. ಆದರೆ ಮೊದಲ ಪದರ ಕಟ್ಟಲು ಸ್ವಲ್ಪ ಹೊತ್ತು ಬೇಕು. ಸ್ಟಾರ್ಟ್ ಆದ ಮೊದಲ ಇಪ್ಪತ್ತು ನಿಮಿಷಕ್ಕೆ ಇಷ್ಟು ಮಹತ್ವ ಬಂದಿರುವುದು ಅದಕ್ಕೇ.

ಇಲ್ಲಿಗೆ ನಿಮ್ಮ ಮಗನ ಮಾತಿಗೂ ಉತ್ತರ ಹತ್ತಿರವಾಯಿತು. ಹೊಸ ಕಾರುಗಳ ಹೊಗೆಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ನಮ್ಮಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಂದ ಇದು ಶುರುವಾಯಿತು. ಇಂಜಿನ್ ಅಷ್ಟಿಷ್ಟು ಆಯಿಲ್ ಸುಡುವುದು ಇದ್ದೇ ಇದೆ. ಅದರ ಜತೆ ಹೋಗುವ ರಂಜಕ ಈ ಕನ್ವರ್ಟರನ್ನು ಮೆಲ್ಲಗೆ ಕೆಡಿಸುತ್ತದೆ. ಆದ್ದರಿಂದ ಹೊಸ ಹೊಸ ಎಪಿಐ ದರ್ಜೆಗಳು ಬಂದಂತೆ ರಂಜಕಕ್ಕೆ ಮಿತಿ ಬಿತ್ತು. 2004ರ ಎಸ್‌ಎಂ ದರ್ಜೆಯಿಂದ ಈಚೆಗೆ 5ಡಬ್ಲ್ಯು-30, 10ಡಬ್ಲ್ಯು-30ರಂಥ ತೆಳು ಆಯಿಲ್‌ಗಳಲ್ಲಿ ಅದು ಶೇ 0.08 ಮೀರುವಂತಿಲ್ಲ. ಮಗನ ಕಾರಿಗೆ ಅದು ಸರಿಯೇ. ಅದರ ಇಂಜಿನ್‌ನ ಕಟ್ಟುವಿಕೆ ಬೇರೆ, ಕಾರ್ಖಾನೆಯಲ್ಲೇ ಬೋರಿನ ಚೂಪು ತುದಿಗಳನ್ನು ತೀಡಿ ಕಳಿಸಿರುತ್ತಾರೆ, ರಿಂಗ್ ಕೂರುವ ಕೆಲಸ ಬಹುಪಾಲು ಮುಗಿದಿರುತ್ತದೆ. ನಿಮ್ಮ ಮಾರ್ಕ್ 3ರಲ್ಲಿ ಕನ್ವರ್ಟರ್ ಇಲ್ಲ, ಆದ್ದರಿಂದ ರಂಜಕಕ್ಕೆ ಹೆದರಬೇಕಿಲ್ಲ. ಇರುವುದು ಚಪ್ಪಟೆ ಟ್ಯಾಪೆಟ್, ಆದ್ದರಿಂದ ಅದು ಬೇಕೇ ಬೇಕು.

ಆ ಮಿತಿ ತೆಳು ಗ್ರೇಡ್‌ಗಳಿಗೆ ಮಾತ್ರ ಎಂಬುದನ್ನು ಗಮನಿಸಿ. 20ಡಬ್ಲ್ಯು-50ಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಆ ಗ್ರೇಡಿನ ಡಬ್ಬಿಯ ಮೇಲೆ ಎಸ್‌ಎಲ್ ಎಂದಿರಲಿ, ಎಸ್‌ಎನ್ ಎಂದಿರಲಿ, ದಿಗಿಲು ಬೇಡ. ಯಾವ ದರ್ಜೆಯೂ ಇಲ್ಲದ ಬಿಡಿ ಆಯಿಲ್ ಮಾತ್ರ ಬೇಡ. 20ಡಬ್ಲ್ಯು-50 ಸಿಗದಿದ್ದರೆ ಲಾರಿಗಳಿಗೆ ಹಾಕುವ 15ಡಬ್ಲ್ಯು-40, ಸಿಐ-4 ದರ್ಜೆಯದ್ದೂ ಆಗುತ್ತದೆ, ಅದರಲ್ಲೂ ಜಿಂಕ್ ಚೆನ್ನಾಗಿರುತ್ತದೆ. ಜಿಂಕ್ ಒಳ್ಳೆಯದೆಂದು ಬೇರೆ ಬಾಟಲಿ ತಂದು ಮೇಲಿಂದ ಸುರಿಯುವವರೂ ಇದ್ದಾರೆ. ಅತಿಯಾದರೆ ಅದೇ ಲೋಹವನ್ನು ತಿನ್ನುತ್ತದೆ.

ಈಗ ಅಂಗಡಿಯವರ ಮಾತು. 20ಡಬ್ಲ್ಯು-50 ಒಯ್ಯಿರಿ ಎಂದದ್ದು ಸರಿ, ಬಿಸಿಯಾದಷ್ಟೂ ದಪ್ಪ ಆಗುತ್ತದೆ ಎಂದದ್ದು ತಪ್ಪು. ಇದು ಬಹಳ ಜನರಿಗೆ ಇರುವ ತಪ್ಪು ತಿಳಿವಳಿಕೆ. ಆ ಎರಡು ಅಂಕಿಗಳನ್ನು ಬರೆಯುವ ರೀತಿಯೇ ಅದಕ್ಕೆ ಕಾರಣ. ತಣ್ಣಗಿದ್ದಾಗ 20, ಬಿಸಿಯಾದಾಗ 50 ಎಂದರೆ ದಪ್ಪವಾಯಿತು ಎಂದೇ ಅನ್ನಿಸುತ್ತದೆ. ನಿಜದಲ್ಲಿ ಇವು ಎರಡು ಬೇರೆ ಬೇರೆ ಪರೀಕ್ಷೆಗಳಲ್ಲಿ ಸಿಕ್ಕ ದರ್ಜೆಗಳು, ಶರ್ಟಿನ ಸೈಜೂ ಚಪ್ಪಲಿಯ ಸೈಜೂ ಇದ್ದ ಹಾಗೆ. ಒಂದನ್ನು ಇನ್ನೊಂದಕ್ಕೆ ಹೋಲಿಸುವಂತಿಲ್ಲ. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ತೂಕದ ಮಾತಲ್ಲ. 20ಡಬ್ಲ್ಯು ಎಂದರೆ ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲೂ ಇಂಜಿನ್ ತಿರುಗಲು ಬಿಡುವ ಆಯಿಲ್. 5ಡಬ್ಲ್ಯು ಆದರೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಮೊದಲ ಅಂಕಿಗೆ ನಮ್ಮಲ್ಲಿ ಹೆಚ್ಚು ಕೆಲಸವಿಲ್ಲ.

ಎರಡನೆಯ ಅಂಕಿ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪಗಿರುತ್ತದೆ ಎಂಬುದರದ್ದು. 40ರ ದರ್ಜೆಗೆ 12.5ರಿಂದ 16.3 ಸೆಂಟಿಸ್ಟೋಕ್ಸ್, 50ಕ್ಕೆ 16.3ರಿಂದ 21.9. ನಿಮ್ಮ ಮಲೆನಾಡಿನ ಜೋನಿ ಬೆಲ್ಲವನ್ನೇ ನೆನೆಯಿರಿ. ಬೆಳಗಿನ ಚಳಿಯಲ್ಲಿ ಚಮಚದಿಂದ ಬೀಳಲೊಲ್ಲದು, ಒಲೆಯ ಪಕ್ಕ ಇಟ್ಟರೆ ನೀರಿನಂತೆ ಇಳಿಯುತ್ತದೆ. ಆಯಿಲೂ ಹಾಗೆಯೇ. 20ಡಬ್ಲ್ಯು-50 ಕೂಡ ಬಿಸಿಯಾದಾಗ ತೆಳುವೇ ಆಗುತ್ತದೆ, ಬೇರೆಯವುಗಳಷ್ಟು ತೆಳುವಾಗುವುದಿಲ್ಲ ಅಷ್ಟೇ.

ಬಿಸಿಯಲ್ಲಿ ಆ ಸ್ವಲ್ಪ ದಪ್ಪ ನಿಮಗೆ ಬೇಕು. ಹಳೆಯ ಕಾಲದ ಈ ಇಂಜಿನ್‌ನಲ್ಲಿ ಬೇರಿಂಗ್ ಮತ್ತು ಕ್ರ್ಯಾಂಕ್ ನಡುವಿನ ಸಂದು ಸುಮಾರು 0.05 ಮಿ.ಮೀ., ಅಂದರೆ ಒಂದು ತಲೆಗೂದಲಿನಷ್ಟು. ಈಗಿನ ಕಾರುಗಳಲ್ಲಿ ಇದಕ್ಕಿಂತ ಬಿಗಿ. ಸಡಿಲ ಸಂದಿನಲ್ಲಿ ತೆಳು ಆಯಿಲ್ ಬೇಗ ಸೋರಿ ಒತ್ತಡ ಇಳಿಯುತ್ತದೆ. ಬೇಸಿಗೆಯ ಟ್ರಾಫಿಕ್ಕಿನಲ್ಲಿ ಸಿಗ್ನಲ್ ಬಳಿ ನಿಂತಾಗ ಆಯಿಲ್ ಲೈಟ್ ಮಿನುಗುವುದು ಆಗಲೇ. ಮೆಕ್ಯಾನಿಕ್ ಹೇಳಿದ 20ಡಬ್ಲ್ಯು-40ರಿಂದಲೂ ಗಾಡಿ ಓಡುತ್ತದೆ, ಅದೇನು ಅಪರಾಧವಲ್ಲ. ನನ್ನನ್ನು ಕೇಳಿದರೆ 50ರ ಕಡೆಗೇ ನನ್ನ ಒಲವು. ನಿಮ್ಮ ಪ್ರಯಾಣ ಕೊಪ್ಪ, ಶೃಂಗೇರಿಗಳ ಆಚೆ ಹೋಗದಿದ್ದರೆ 40 ಸಾಕು ಎನ್ನಬಹುದಿತ್ತು. ಒಂದು ದಿನ ರಾಯಚೂರಿನ ಬಿಸಿಲಿಗೂ ಹೋದೀರಿ.

ಆಯಿಲ್ ಆಯ್ಕೆ ಮುಗಿಯಿತು. ಈಗ ಸ್ಟಾರ್ಟ್ ಮಾಡುವ ಕ್ರಮ. ಡಬ್ಬಿಯ ಹೆಸರಿಗಿಂತ ಇದು ಹೆಚ್ಚು ಮುಖ್ಯ.

ಕ್ಯಾಮ್ ಜೋಡಿಸುವಾಗ ಉಬ್ಬುಗಳಿಗೆ ಮಾಲಿಬ್ಡಿನಂ ಪೇಸ್ಟ್ ಹಚ್ಚಿದ್ದರೇ ಎಂದು ಮೆಕ್ಯಾನಿಕ್‌ರನ್ನು ಕೇಳಿ. ಬರೀ ಆಯಿಲ್ ಸವರಿದ್ದರೆ, ಪಕ್ಕದ ಮುಚ್ಚಳ ಬಿಚ್ಚಿ ಟ್ಯಾಪೆಟ್‌ಗಳನ್ನು ಒಂದೊಂದಾಗಿ ಎತ್ತಿ ತಳಕ್ಕೆ ಹಚ್ಚಿಸಿಬಿಡಿ. ಒಂದು ಗಂಟೆಯ ಕೆಲಸ. ಆಮೇಲೆ ಹೊಸ ಫಿಲ್ಟರ್ ಹಾಕಿ, ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನವರೆಗೆ ಆಯಿಲ್ ತುಂಬಿಸಿ. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್‌ನ ವೈರ್ ತೆಗೆದಿಟ್ಟು, ಹತ್ತು ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಯಿಲ್ ಲೈಟ್ ಆರಬೇಕು, ಗೇಜು ಇದ್ದರೆ ಮುಳ್ಳು ಏಳಬೇಕು. ರಾಕರ್ ಕವರ್ ತೆಗೆದಿಟ್ಟಿದ್ದರೆ ರಾಕರ್‌ಗಳ ಬುಡದಲ್ಲಿ ಆಯಿಲ್ ಜಿನುಗಿ ಬರುವುದು ಕಾಣುತ್ತದೆ. ಅದನ್ನು ಕಣ್ಣಿಂದ ನೋಡಿದ ಮೇಲೇ ಪ್ಲಗ್ ಹಾಕಿಸಿ.

ಕಾರ್ಬುರೇಟರ್‌ನಲ್ಲಿ ಪೆಟ್ರೋಲ್, ರೇಡಿಯೇಟರ್‌ನಲ್ಲಿ ನೀರು, ಟೈಮಿಂಗ್ ಮೊದಲೇ ಸರಿ ಇರಲಿ, ಇಂಜಿನ್ ಮೊದಲ ಯತ್ನಕ್ಕೇ ಹಿಡಿಯಬೇಕು. ಹಿಡಿದ ಕೂಡಲೇ ಆಕ್ಸಿಲರೇಟರ್ ಏರಿಸಿ ನಿಮಿಷಕ್ಕೆ ಸುಮಾರು 2000 ಸುತ್ತಿಗೆ ತನ್ನಿ. ನಿಮ್ಮ ಕಾರಿನಲ್ಲಿ ಸುತ್ತು ತೋರಿಸುವ ಮೀಟರ್ ಇಲ್ಲದಿದ್ದರೆ ಟ್ಯೂನಿಂಗ್ ಮಾಡುವವರ ಬಳಿ ಕೈಯಲ್ಲಿ ಹಿಡಿಯುವ ಮೀಟರ್ ಇರುತ್ತದೆ, ತರಿಸಿಕೊಳ್ಳಿ. 1500ರಿಂದ 2500ರ ನಡುವೆ ಏರಿಸುತ್ತ ಇಳಿಸುತ್ತ ಇಪ್ಪತ್ತು ನಿಮಿಷ ಓಡಿಸಿ. ಸ್ಲೋಗೆ ಬಿಡಬೇಡಿ. ಎಲ್ಲಾದರೂ ನೀರು ಸೋರಿದರೆ ಸ್ಲೋ ಮಾಡಿ ನೋಡುವುದು ಬೇಡ, ಇಂಜಿನ್ ಆಫ್ ಮಾಡಿಯೇ ನೋಡಿ.

ನಿಲ್ಲಿಸಿದ ಮೇಲೆ ಆಯಿಲ್ ಬಿಸಿ ಇರುವಾಗಲೇ ಇಳಿಸಿ. ಅಗಲ ಬಾಣಲೆಯಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡಿ ನೋಡಿದರೆ ಬೆಳ್ಳಿಯ ಪುಡಿ ಕಲಸಿದಂತೆ ಮಿನುಗುತ್ತದೆ. ಅಷ್ಟು ಮಿನುಗು ಸಹಜ, ರಿಂಗೂ ಬೋರೂ ಉಜ್ಜಿದ್ದರ ಗುರುತು. ಒಂದು ಆಯಸ್ಕಾಂತ ಆಡಿಸಿ. ಮಸಿಯಂತೆ ನುಣ್ಣನೆಯ ಪುಡಿ ಅಂಟಿದರೆ ಚಿಂತೆಯಿಲ್ಲ, ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕರೆ ಗಾಡಿ ರಸ್ತೆಗೆ ಇಳಿಸಬೇಡಿ. ಈ ಪುಡಿ ಒಳಗೇ ಸುತ್ತುವುದು ಬೇಡವೆಂದೇ ಆಯಿಲನ್ನು ಇಷ್ಟು ಬೇಗ ಬದಲಾಯಿಸುವುದು. ಫಿಲ್ಟರನ್ನೂ ಬದಲಿಸಿ ಅದೇ ಗ್ರೇಡಿನ ಹೊಸ ಆಯಿಲ್ ತುಂಬಿಸಿ.

ಕ್ಯಾಮ್‌ನ ಕೆಲಸ ಅಲ್ಲಿಗಾಯಿತು. ಇನ್ನು ರಿಂಗ್ ಕೂರಿಸಬೇಕು, ಅದು ರಸ್ತೆಯ ಮೇಲೆ ಆಗುವ ಕೆಲಸ. ರಿಂಗನ್ನು ಗೋಡೆಗೆ ಒತ್ತುವುದು ಸಿಲಿಂಡರಿನೊಳಗೆ ಉರಿದ ಅನಿಲದ ಒತ್ತಡ. ಇಂಜಿನ್ ಮೇಲೆ ಭಾರ ಬಿದ್ದಾಗಲೇ ಆ ಒತ್ತಡ ಏರುವುದು. ಜನಸಂಚಾರವಿಲ್ಲದ, ತುಸು ಏರಿರುವ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 30ರಿಂದ 50 ಕಿ.ಮೀ. ವೇಗದವರೆಗೆ ಚೆನ್ನಾಗಿ ಆಕ್ಸಿಲರೇಟರ್ ಒತ್ತಿ, ಪೂರ್ತಿ ಬಿಟ್ಟು ಅದೇ ಗೇರಿನಲ್ಲಿ 30ಕ್ಕೆ ಇಳಿಯಲು ಬಿಡಿ. ಬಿಟ್ಟಾಗ ಸಿಲಿಂಡರಿನ ಎಳೆತಕ್ಕೆ ಆಯಿಲ್ ಮೇಲೇರಿ ಗೋಡೆಯ ಪುಡಿಯನ್ನು ತೊಳೆಯುತ್ತದೆ. ಹೀಗೆ ಹತ್ತು ಸಲ ಮಾಡಿ. ಮೊದಲ 500 ಕಿ.ಮೀ. ಒಂದೇ ವೇಗದಲ್ಲಿ ದೂರ ಓಡಿಸುವುದು ಬೇಡ, ಟಾಪ್ ಗೇರಿನಲ್ಲಿ ಗೊರಗೊರ ಎನ್ನಿಸುವುದೂ ಬೇಡ. 500ಕ್ಕೆ ಒಮ್ಮೆ ಆಯಿಲ್ ಬದಲಿಸಿ, ಟ್ಯಾಪೆಟ್ ಸಂದು ನೋಡಿಸಿ. ಮತ್ತೆ 1500ಕ್ಕೆ. ಆಮೇಲೆ 4000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಇಳಿಯುವುದು ನಿಂತಿತೆಂದರೆ ರಿಂಗ್ ಕೂತಿತೆಂದು ತಿಳಿಯಿರಿ. ಅಷ್ಟಾದ ಮೇಲೆ ಮಗನ ಸಮಾಧಾನಕ್ಕೆ 20ಡಬ್ಲ್ಯು-50ರಲ್ಲೇ ಸಿಂಥೆಟಿಕ್ ಹಾಕಿದರೂ ಆದೀತು. ವರ್ಷಕ್ಕೆ ಸಾವಿರ ಕಿ.ಮೀ. ಓಡುವ ಗಾಡಿಗೆ ಅಷ್ಟು ದುಡ್ಡು ಯಾಕೆ ಎಂಬುದು ಮಾತ್ರ ನನ್ನ ಪ್ರಶ್ನೆ.

ಹಳೆಯ ಇಂಜಿನ್‌ಗೆ ಕೊಳೆ ತೊಳೆಯುವ ಗುಣದ ಆಯಿಲ್ ಹಾಕಬಾರದು, ಗಂಟು ಕಟ್ಟಿದ ಜಿಡ್ಡು ಸಡಿಲವಾಗಿ ಆಯಿಲ್ ದಾರಿ ಮುಚ್ಚುತ್ತದೆ ಎಂದು ಯಾರಾದರೂ ನಿಮಗೆ ಹೇಳಿಯಾರು. ಬಿಚ್ಚದೇ ಇರುವ ಇಂಜಿನ್‌ಗೆ ಅದು ಯೋಚಿಸಬೇಕಾದ ಮಾತು. ನಿಮ್ಮದು ಬಿಚ್ಚಿ ತೊಳೆದು ಕಟ್ಟಿದ್ದು. ಇನ್ನು, ಇದೇ ಪ್ರಶ್ನೆ ಇರುವ ಪದ್ಮಿನಿ ಕಾರಿನ ಮಾಲೀಕರಿಗೂ ಮೇಲಿನ ಕ್ರಮವೇ, ಅದರ 1089 ಸಿ.ಸಿ. ಇಂಜಿನ್‌ನಲ್ಲೂ ಕ್ಯಾಮ್ ಬ್ಲಾಕಿನೊಳಗೇ ಇದೆ. 1992ರಿಂದ ಬಂದ ಇಸುಝು ಇಂಜಿನ್‌ನ ಅಂಬಾಸಿಡರ್‌ನಲ್ಲಿ ಕ್ಯಾಮ್ ಹೆಡ್ಡಿನ ಮೇಲಿದೆ, ಕ್ಯಾಮ್ ಕುರಿತ ಮಾತು ಅದಕ್ಕೆ ಹಾಗೇ ಹೊಂದುವುದಿಲ್ಲ.

ಕೊನೆಗೆ ನೀವು ಕೇಳದೇ ಇದ್ದರೂ ಮುಂದಿನ ತಿಂಗಳು ಕೇಳಬಹುದಾದ ಒಂದು ಸಂಗತಿ. ಗಾಡಿ ನಿಲ್ಲಿಸಿದ ಕಡೆ, ಇಂಜಿನ್‌ನ ಹಿಂಬದಿಗೆ ಸರಿಯಾಗಿ ನೆಲದ ಮೇಲೆ ಒಂದೆರಡು ಹನಿ ಆಯಿಲ್ ಬಿದ್ದಿರುತ್ತದೆ. ಮೆಕ್ಯಾನಿಕ್ ಮೇಲೆ ಸಿಟ್ಟಾಗಬೇಡಿ. ಈ ಇಂಜಿನ್‌ನ ಹಿಂದಿನ ತುದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕಿನ ಮೇಲೆ ಕೊರೆದ ಸ್ಕ್ರೂನಂಥ ಸುರುಳಿಯೊಂದು, ತಿರುಗುವಾಗ ಆಯಿಲನ್ನು ಒಳಕ್ಕೆ ತಳ್ಳುತ್ತದೆ, ಅಷ್ಟೇ. ಇಂಜಿನ್ ನಿಂತಾಗ ತಳ್ಳುವವರಿಲ್ಲ, ಒಂದೆರಡು ಹನಿ ಹೊರಗೆ ಬರುತ್ತವೆ. 5ಡಬ್ಲ್ಯು-30ರಂಥ ತೆಳು ಆಯಿಲ್ ಆದರೆ ಇನ್ನೂ ನಾಲ್ಕು ಹೆಚ್ಚು. ಶೆಡ್ಡಿನಲ್ಲಿ ಆ ಜಾಗಕ್ಕೆ ಒಂದು ರಟ್ಟು ಹಾಸಿಡಿ, ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ.